ಜೀಪಿನ ತಲೆಗೆ ಕಟ್ಟಿದ್ದು

ಗುಡಿಬಂಡೆ, ಮಡಕಶಿರಾ
9 ನವೆಂಬರ್ 2024

ರಾಯದುರ್ಗದಲ್ಲಿರುವ ನನ್ನವರಿಗೆ,

ನಾನು ಸುಮಾ. ಮದುವೆಯಾದ ಏಳು ವರ್ಷದಲ್ಲಿ ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಫೋನು ಇರುವಾಗ ಇದೇನು ಎಂದು ನಿಮಗನ್ನಿಸಬಹುದು. ಫೋನಿನಲ್ಲಿ ಮೂರು ಸಲ ಹೇಳಲು ಹೋದೆ. ಮೂರು ಸಲವೂ ನೀವು, "ಉಂಡ್ಯಾ? ಗುಳಿಗಿ ತಗೊಂಡ್ಯಾ?" ಎಂದು ಕೇಳಿದಿರಿ. ಆ ದನಿ ಕೇಳಿದ ಮೇಲೆ ಹೇಳಬೇಕಾದ್ದು ಬಾಯಿಂದ ಹೊರಡಲಿಲ್ಲ.

ಅಪ್ಪ, ಅವ್ವ ಚೆನ್ನಾಗಿದ್ದಾರೆ. ರೇಷ್ಮೆ ಹುಳುಗಳು ದೊಡ್ಡವಾಗಿವೆ, ಎಷ್ಟು ಸೊಪ್ಪು ತಂದು ಹಾಕಿದರೂ ಸಾಲದು. ನಾನೂ ಅವ್ವನ ಜೊತೆ ತೋಟಕ್ಕೆ ಹೋಗಿ ಸೊಪ್ಪು ಕೊಯ್ಯುತ್ತೇನೆ. ಮೈ ಮೊದಲಿನಂತಾಗಿದೆ. ಮೈಯ ಬಗ್ಗೆ ನೀವು ಚಿಂತೆ ಮಾಡಬೇಡಿ.

ಹೊಸ ಗಾಡಿಯಲ್ಲಿ ನೀವು ಇಲ್ಲಿಗೆ ಬಂದುಹೋಗಿ ಇವತ್ತಿಗೆ ಹನ್ನೆರಡು ದಿನ. ಅವತ್ತು ನಾನು ನಿಮ್ಮ ಜೊತೆ ಯಾಕೆ ಹೊರಡಲಿಲ್ಲ ಎಂಬುದನ್ನು ಮೊದಲು ಹೇಳುತ್ತೇನೆ.

ನಿಮ್ಮ ಹಳೆಯ ಜೀಪು ಬಂದರೆ ಕೆರೆ ಏರಿಯ ಮೇಲಿರುವಾಗಲೇ ನಮಗೆ ಸದ್ದು ಕೇಳುತ್ತಿತ್ತು. ಅಳಿಯ ಬಂದ ಎಂದು ಅವ್ವ ಆಗಲೇ ಹಾಲು ಕಾಯಲು ಇಡುತ್ತಿದ್ದಳು. ಈ ಬಿಳಿ ಗಾಡಿ ಸದ್ದೇ ಇಲ್ಲದೆ ಬಂದು ನಿಂತಿತ್ತು. ಇಳಿದವರು ನೀವೆಂದು ನನಗೆ ಗೊತ್ತಾಗಲು ಒಂದು ಗಳಿಗೆ ಬೇಕಾಯಿತು. ಏಳು ಜನ ಆರಾಮಾಗಿ ಕೂರಬಹುದು, ಹಿಂದಿನ ಸೀಟಿಗೂ ಎಸಿ ಇದೆ ಎಂದು ಅಪ್ಪನಿಗೆ ಒಂದೊಂದನ್ನೇ ತೋರಿಸಿದಿರಿ. ಅಪ್ಪ ಚಪ್ಪಲಿ ಹೊರಗೆ ಬಿಟ್ಟು, ಗುಡಿಗೆ ಹೋಗುವವರ ಹಾಗೆ ಒಳಗೆ ಹತ್ತಿ, "ನಮ್ಮನೇಗಿಂತ ತಣ್ಣಗೈತೆ ಕಣಪ್ಪಾ" ಎಂದು ನಕ್ಕರು.

"ಜೀಪ್ ಏನ್ ಮಾಡ್ದೆ?" ಎಂದು ಅವರು ಕೇಳಿದರು.

"ಕೊಟ್ಟು ಇದನ್ನ ತಗೊಂಡೆ ಮಾವ. ಅನಂತಪುರದವ್ರು ಒಯ್ದ್ರು" ಎಂದಿರಿ. ಅಷ್ಟೇ. ಆರು ವರ್ಷ ಕಟ್ಟಿದ್ದನ್ನು ಒಂದು ಮಾತಿನಲ್ಲಿ ಮುಗಿಸಿದಿರಿ.

ಆಮೇಲೆ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಅವ್ವನ ಕೈಯಿಂದ ಒಂದು ಲೋಟ ನೀರು ಇಸಿದುಕೊಂಡು ಮುಂದೆ ಗಾಜಿನ ಕೆಳಗೆ ಇಟ್ಟಿರಿ. ತೋಟದ ಮಣ್ಣು ದಾರಿಯಲ್ಲಿ ಗಾಡಿ ಬಿಟ್ಟು, "ನೋಡು ಸುಮಾ, ಒಂದ್ ಹನಿ ಚೆಲ್ಲಂಗಿಲ್ಲ. ಇನ್ಮ್ಯಾಲೆ ನಿನಗ ಕುಲುಕಾಟ ಅನ್ನೋದ ಇಲ್ಲ" ಎಂದಿರಿ. ನಾನು ಲೋಟ ನೋಡಲಿಲ್ಲ, ನಿಮ್ಮ ಕೈ ನೋಡುತ್ತಿದ್ದೆ. ಉಗುರಿನ ಸಂದಿಯಲ್ಲಿ ಗ್ರೀಸ್ ಇರಲಿಲ್ಲ. ಮದುವೆಯ ದಿನ ಧಾರೆ ಎರೆಯುವಾಗಲೂ ಹೋಗದಿದ್ದ ಗ್ರೀಸ್ ಅದು.

ತಿರುವಿನಲ್ಲಿ ಸಣ್ಣದೊಂದು ಗುಂಡಿ ಬಂತು. ನೀವು ನಡೆಯುವವರಿಗಿಂತ ನಿಧಾನ ಮಾಡಿ, ಎಡಗೈಯನ್ನು ನನ್ನ ಹೊಟ್ಟೆಗೆ ಅಡ್ಡ ಹಿಡಿದಿರಿ. ಅಲ್ಲಿ ಏನೂ ಇಲ್ಲವೆಂದು ನಿಮಗೂ ಗೊತ್ತಿತ್ತು, ಕೈ ಮಾತ್ರ ಮರೆತಿತ್ತು. ನಾನು ಅಳತೊಡಗಿದೆ. ಮಗುವಿನ ನೆನಪಿಗೆ ಅಳುತ್ತಿದ್ದೇನೆ ಎಂದುಕೊಂಡು ನೀವು ಗಾಡಿ ನಿಲ್ಲಿಸಿ, "ನನ್ನಿಂದ ಆತು ಸುಮಾ, ನನ್ನಿಂದನ ಆತು" ಎಂದು ಸ್ಟೇರಿಂಗಿಗೆ ಹಣೆ ಹಚ್ಚಿದಿರಿ. ಇನ್ನೊಂದಿಷ್ಟು ದಿನ ಇಲ್ಲೇ ಇರುತ್ತೇನೆ ಎಂದು ಮಾತ್ರ ಹೇಳಿ ನಿಮ್ಮನ್ನು ಒಬ್ಬರನ್ನೇ ಕಳಿಸಿದೆ.

ನಿಮ್ಮಿಂದ ಆಗಲಿಲ್ಲ. ಜೀಪಿನಿಂದಲೂ ಆಗಲಿಲ್ಲ. ಇದನ್ನು ಹೇಳುವುದಕ್ಕೇ ಈ ಕಾಗದ.

ಜೀಪೆಂದರೆ ನನಗೆ ಆಗುತ್ತಿರಲಿಲ್ಲ. ಅದು ನಿಮಗೆ ಗೊತ್ತಿದ್ದದ್ದೇ. ಓಬಳಾಪುರದ ಕಡೆ ಗಣಿಯವರು ಹರಾಜು ಹಾಕಿದ ಗುಜರಿ ಗಾಡಿ ತಂದು, ಎರ್ರಿಸ್ವಾಮಿಯ ಗ್ಯಾರೇಜಿನಲ್ಲಿ ಅದರ ಕೆಂಪು ಧೂಳು ತೊಳೆಯಲು ನಿಮಗೆ ನಾಲ್ಕು ಭಾನುವಾರ ಹಿಡಿಯಿತು. ಬೇರೆ ಎಂಜಿನ್ನು ಕೂರಿಸಿದಿರಿ, ಮೈಯನ್ನು ಮೇಲಕ್ಕೆತ್ತಿ ನನ್ನ ಎದೆಯ ತನಕ ಬರುವ ಚಕ್ರ ಹಾಕಿದಿರಿ, ನೀರಿನಲ್ಲಿ ಮುಳುಗಿದರೂ ಉಸಿರಾಡಲಿ ಎಂದು ಪಕ್ಕದಲ್ಲಿ ಕೊಳವೆ ಏರಿಸಿದಿರಿ. ಹಗಲೆಲ್ಲ ಜೀನ್ಸ್ ಹೊಲಿಯುವ ಮನೆಗಳಿಗೆ ಹೋಗಿ ಮಿಷನ್ನು ರಿಪೇರಿ ಮಾಡುವುದು, ಸಂಜೆ ಜೀಪು. ಹತ್ತಬೇಕಾದರೆ ನಾನು ಸ್ಟೂಲು ಹಾಕಿಕೊಳ್ಳಬೇಕು. ಇದನ್ನು ಕೊಟ್ಟು ಮನುಷ್ಯರು ಕೂರುವ ಗಾಡಿ ತನ್ನಿ ಎಂದು ಎಷ್ಟು ಸಲ ಜಗಳ ಆಡಿದೆನೋ.

ಆದರೆ ಹಗರಿ ಹೊಳೆ ಉಕ್ಕಿ ಬಂದ ವರ್ಷ ಬೊಮ್ಮನಹಾಳ್ ಹತ್ತಿರ ಭತ್ತದ ನಾಟಿಗೆ ಹೊರಟ ಒಂಬತ್ತು ಜನ ಹೆಂಗಸರು ಟ್ರ್ಯಾಕ್ಟರ್ ಸಮೇತ ನೀರಿನ ನಡುವೆ ಸಿಕ್ಕಿಕೊಂಡಾಗ, ಅದೇ ಜೀಪನ್ನು ಹೊಳೆಗೆ ಇಳಿಸಿ ಒಬ್ಬೊಬ್ಬರನ್ನೂ ದಡಕ್ಕೆ ತಂದವರು ನೀವು. ಅವರು ನಮ್ಮ ಮನೆಗೆ ಬಂದು ನನ್ನ ಕೈ ಹಿಡಿದು ಅತ್ತಿದ್ದರು. ಅವತ್ತು ಆ ಜೀಪಿಗೆ ನಾನೇ ಕುಂಕುಮ ಇಟ್ಟೆ. ನಿಮಗೆ ಹೇಳಲಿಲ್ಲ.

ಜೂನ್ ತಿಂಗಳ ಆ ವಾರಕ್ಕೆ ಬರುತ್ತೇನೆ. ನನಗೆ ಐದು ತಿಂಗಳು. ಮೊದಲಿನ ಎರಡೂ ಸಲ ಮೂರು ತಿಂಗಳೊಳಗೇ ಹೋಗಿದ್ದರಿಂದ ನಾವಿಬ್ಬರೂ ಉಸಿರು ಹಿಡಿದು ದಿನ ಎಣಿಸುತ್ತಿದ್ದೆವು. ಸಂಡೂರಿನ ಕಡೆ ಜೀಪಿನ ಪಂದ್ಯ ಇತ್ತು. ಹೋಗಬೇಡಿ, ಮಂಗಳವಾರ ಸ್ಕ್ಯಾನಿಂಗ್ ಇದೆ ಎಂದೆ. "ಇದೊಂದ ಸಲ. ಮಂಗಳವಾರ ಮುಂಜಾನೆ ಮನ್ಯಾಗ ಇರತೀನಿ" ಎಂದಿರಿ. ಬೆಳಿಗ್ಗೆ ಕಾದೆ, ಬರಲಿಲ್ಲ. ಸಿಟ್ಟಿನಿಂದ ಒಬ್ಬಳೇ ಬಸ್ಸು ಹತ್ತಿ ಬಳ್ಳಾರಿಗೆ ಹೋದೆ.

ಡಾಕ್ಟರಮ್ಮ ಬಹಳ ಹೊತ್ತು ಪರದೆ ನೋಡಿದರು. ಆಮೇಲೆ ಜೊತೆಗೆ ಯಾರು ಬಂದಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಮಗುವಿನ ಎದೆಬಡಿತ ನಿಂತಿದೆ, ಎರಡು ಮೂರು ದಿನವೇ ಆಗಿರಬಹುದು, ಹೀಗಾಗುವುದು ಯಾರ ತಪ್ಪಿನಿಂದಲೂ ಅಲ್ಲ, ನಾಳೆಯೇ ಯಜಮಾನರನ್ನು ಕರೆದುಕೊಂಡು ಬಂದು ಸೇರಿಕೊಳ್ಳಿ ಎಂದು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು.

ಬಸ್ಸಿನಲ್ಲಿ ಒಬ್ಬ ಮುದುಕಿ ನನ್ನ ಹೊಟ್ಟೆ ನೋಡಿ ಎದ್ದು, "ಕುಂದ್ರವ್ವ, ಎರಡು ಜೀವ" ಎಂದು ಜಾಗ ಕೊಟ್ಟಳು. ನಾನು ಬೇಡ ಎನ್ನಲಿಲ್ಲ, ಕುಳಿತೆ. ರಾಯದುರ್ಗ ಬರುವ ತನಕ ಬಸುರಿಯ ಹಾಗೆಯೇ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಬಂದೆ.

ಸಂಜೆ ನೀವು ಮೈಯೆಲ್ಲ ಕೆಸರು ಮಾಡಿಕೊಂಡು, ಗೆದ್ದ ಕಪ್ಪು ಹಿಡಿದು ಬಂದಿರಿ. ಸ್ನಾನವನ್ನೂ ಮಾಡದೆ ನನ್ನ ಹೊಟ್ಟೆಗೆ ಕಿವಿ ಹಚ್ಚಿ, "ಏ ಕೂಸೇ, ನಿಮ್ಮಪ್ಪ ಗೆದ್ದು ಬಂದಾನ ನೋಡು" ಎಂದಿರಿ. ಡಾಕ್ಟರು ಏನಂದ್ರು ಎಂದು ಕೇಳಿದಿರಿ. ಚೆನ್ನಾಗಿದೆ ಅಂದ್ರು ಎಂದೆ. ಯಾಕೆ ಹಾಗೆಂದೆ ಎಂದು ಎಷ್ಟೋ ದಿನ ಯೋಚಿಸಿದ್ದೇನೆ. ಬೆಳಿಗ್ಗೆ ನೀವು ಬರಲಿಲ್ಲವೆಂಬ ಸಿಟ್ಟು ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ, ಇನ್ನೊಂದು ದಿನ ತಾಯಿಯಾಗಿಯೇ ಇರಬೇಕೆನಿಸಿತು.

ಮರುದಿನ ಬೊಮ್ಮನಹಾಳ್‌ನಲ್ಲಿ ಗುರುಬಸಮ್ಮ ಚಿಕ್ಕಮ್ಮ ನನಗೆ ಬಳೆ ತೊಡಿಸಿ ಉಣ್ಣಿಸಬೇಕೆಂದು ಕರೆದಿದ್ದರು. ಅಲ್ಲಿಗೆ ಹೋಗುವ ಬದಲು ಆಸ್ಪತ್ರೆಗೆ ನಡೆಯಿರಿ ಎನ್ನಬೇಕಿತ್ತು. ಎನ್ನಲಿಲ್ಲ. ಸ್ಟೂಲು ಹಾಕಿಕೊಂಡು ಜೀಪು ಹತ್ತಿದೆ. ಹಸಿರು ಬಳೆ ತೊಟ್ಟೆ, ಹೋಳಿಗೆ ತಿಂದೆ. ವಾಪಸು ಬರುವಾಗ ಕಾಲುವೆ ದಾರಿಯಲ್ಲಿ ಜೀಪು ಒಂದು ಹೊಂಡಕ್ಕೆ ಬಿದ್ದು ಎದ್ದಿತು. ಸ್ವಲ್ಪ ಹೊತ್ತಿಗೆ ನೋವು ಶುರುವಾಯಿತು. ಅದು ಆ ಹೊಂಡದಿಂದ ಬಂದ ನೋವಲ್ಲ. ಬರಲೇಬೇಕಾದ ನೋವು ಅದು, ಅವತ್ತು ಬಂತು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಹಿಂದಿನ ದಿನದ ರಿಪೋರ್ಟು ತೋರಿಸಿದೆ. ನಮ್ಮವರಿಗೆ ನಾನೇ ಹೇಳುತ್ತೇನೆ, ನೀವು ಹೇಳಬೇಡಿ ಎಂದು ಬೇಡಿಕೊಂಡೆ. ಅವರು ಒಪ್ಪಿದರು. ಹೊರಗೆ ನೀವು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಿರಿ. ಅತ್ತೆ ನನ್ನ ಹಾಸಿಗೆಯ ಪಕ್ಕ ಕುಳಿತು, "ಆ ಹಾಳಾದ ಗಾಡಿ ನನ್ನ ಮೊಮ್ಮಗನ್ನ ನುಂಗ್ತು. ಬಸುರಿ ಹೆಂಗಸನ್ನ ಅದ್ರಾಗ ಕುಂದರ್ಸಿಕೊಂಡು ಹೋಗ್ಯಾನಲ್ಲ ನನ್ನ ಮಗ" ಎಂದು ಅತ್ತರು. ಎಲ್ಲರೂ ನನ್ನನ್ನು ನೋಡಿದರು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಅಲ್ಲ ಎಂಬ ಒಂದು ಮಾತು ಸಾಕಿತ್ತು. ಮೂರನೇ ಸಲ, ರೀ. ಮೊದಲ ಎರಡು ಸಲ ಎಲ್ಲರೂ ನನ್ನನ್ನೇ ನೋಡಿದ್ದರು, ಇವಳ ಮೈಯಲ್ಲಿ ಏನೋ ಸರಿಯಿಲ್ಲ ಎಂಬ ಹಾಗೆ. ಈ ಸಲ ಎಲ್ಲರೂ ಜೀಪಿನ ಕಡೆ ಬೆರಳು ತೋರಿಸಿದರು. ನನಗೆ ಹಗುರಾಯಿತು. ಆ ಹಗುರಿನ ಬೆಲೆಯನ್ನು ನೀವು ತೆರುತ್ತೀರಿ ಎಂದು ಅವತ್ತು ಹೊಳೆಯಲಿಲ್ಲ. ಹೊಳೆದ ಮೇಲೆ ಹೇಳುವ ಧೈರ್ಯ ಇರಲಿಲ್ಲ. ಅದಕ್ಕೇ ಆಗಸ್ಟಿನಲ್ಲಿ ಅವ್ವನ ನೆಪ ಹೇಳಿ ಇಲ್ಲಿಗೆ ಬಂದೆ.

ಮೊನ್ನೆ ಎರ್ರಿಸ್ವಾಮಿ ಫೋನು ಮಾಡದಿದ್ದರೆ ಇನ್ನೂ ಸುಮ್ಮನೆ ಇರುತ್ತಿದ್ದೆನೇನೋ. "ಅಕ್ಕಾರ, ಹೇಳಬ್ಯಾಡ ಅಂದಾನ, ಆದ್ರ ನಂಗ ನೋಡಾಕ ಆಗವಲ್ದು" ಎಂದು ಶುರು ಮಾಡಿದ. ನಮ್ಮ ಓಣಿಯ ಪಾಪಕ್ಕನ ಸೊಸೆಗೆ ಹೆರಿಗೆ ನೋವು ಬಂದು, ಹಾಡಹಗಲಲ್ಲಿ ಅವರೆಲ್ಲ ನಮ್ಮ ಬಾಗಿಲಿಗೆ ಬಂದರಂತೆ. ಹೊಸ ಗಾಡಿ ಎದುರಿಗೇ ನಿಂತಿತ್ತಂತೆ. ನೀವು ಬೀಗದ ಕೈಯನ್ನು ಎರ್ರಿಸ್ವಾಮಿಯ ಕಡೆ ಎಸೆದು, "ನೀನ ನಡಸು. ನಾನು ಒಂದು ಜೀವ ತಿಂದಾಂವ, ನನ್ನ ಕೈಯಾಗ ಬಸುರಿ ಹೆಂಗಸ್ರನ್ನ ಕೊಡಬ್ಯಾಡ್ರಿ" ಎಂದು ಮೆಟ್ಟಿಲ ಮೇಲೆ ಕುಸಿದು ಕುಳಿತಿರಂತೆ. ತಾಯಿ, ಮಗು ಚೆನ್ನಾಗಿದ್ದಾರೆ ಎಂದ. ಆದರೆ ನಿಮ್ಮ ಹೆಸರು ಹಿಡಿದು, ವಾಗೀಶಣ್ಣ ಅವತ್ತಿನಿಂದ ಸ್ಟೇರಿಂಗ್ ಮುಟ್ಟಿಲ್ಲ, ಅಂಗಡಿಗೂ ನಡೆದೇ ಹೋಗುತ್ತಾನೆ ಎಂದ.

ಹೊಳೆಯಿಂದ ಒಂಬತ್ತು ಜನರನ್ನು ಎತ್ತಿ ತಂದ ಕೈ ಅದು. ಅದನ್ನು ಈ ಗತಿಗೆ ತಂದವಳು ನಾನು.

ನಿನ್ನೆ ಅಪ್ಪನಿಗೂ ಅವ್ವನಿಗೂ ಎಲ್ಲ ಹೇಳಿದೆ. ಅವ್ವ, "ಅಯ್ಯೋ ಸುಮಾ, ಎಂಥಾ ಕೆಲ್ಸ ಮಾಡ್ದ್ಯವ್ವ" ಎಂದಳು. ಅಪ್ಪ ಎದ್ದು ಹುಳುಗಳಿಗೆ ಸೊಪ್ಪು ಹಾಕಲು ಹೋದರು. ಇವತ್ತು ಬೆಳಿಗ್ಗೆ, "ಕಾಗ್ದ ಬರಿ, ನಾನೇ ಮಡಕಶಿರಾಕ್ಕೆ ಹೋಗಿ ಪೋಸ್ಟ್ ಮಾಡ್ತೀನಿ" ಎಂದರು.

ಆ ಮಂಗಳವಾರದ ರಿಪೋರ್ಟು ಇದರ ಜೊತೆ ಇಟ್ಟಿದ್ದೇನೆ. ಇಷ್ಟು ದಿನ ನನ್ನ ಸೀರೆಗಳ ಅಡಿಯಲ್ಲಿತ್ತು. ತಾರೀಖು ನೋಡಿ. ಅತ್ತೆಗೂ ತೋರಿಸಿ. ಬೇಡವೆನಿಸಿದರೆ ನಾನೇ ಬಂದು ಅವರ ಎದುರು ಕುಳಿತು ಹೇಳುತ್ತೇನೆ. ಮುಂದಿನ ಶನಿವಾರ ಪಾವಗಡ, ಕಲ್ಯಾಣದುರ್ಗದ ಮೇಲೆ ಬಸ್ಸಿನಲ್ಲಿ ಬರುತ್ತೇನೆ. ಮನೆಯಲ್ಲಿ ಇರಿಸಿಕೊಳ್ಳುವುದು ಬಿಡುವುದು ನಿಮಗೆ ಬಿಟ್ಟದ್ದು. ಕ್ಷಮಿಸಿ ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಅದನ್ನು ಕಾಗದದಲ್ಲಿ ಕೇಳಬಾರದು. ಜೀಪನ್ನು ನಾನು ವಾಪಸು ತಂದುಕೊಡಲಾರೆ. ಅನಂತಪುರದವರು ಅದಕ್ಕೆ ಬೇರೆ ಬಣ್ಣ ಹೊಡೆಸಿದ್ದಾರೆಂದು ಎರ್ರಿಸ್ವಾಮಿ ಹೇಳಿದ.

ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮವಳು ಎಂದು ಬರೆಯಲು ಹೆದರುತ್ತಿರುವ,
ಸುಮಾ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಆಸ್ಪತ್ರೆಯಿಂದ ಹೊರಡುವಾಗ ನೀವು ಮೆಲ್ಲಗೆ, "ಗಂಡೋ ಹೆಣ್ಣೋ, ಯಾರಾರ ಹೇಳಿದ್ರಾ?" ಎಂದು ಕೇಳಿದ್ದಿರಿ. ಯಾರೂ ಹೇಳಲಿಲ್ಲ ಎಂದೆ. ಹೆಣ್ಣು ಮಗು, ರೀ. ಬಟ್ಟೆ ಸುತ್ತುವ ಮುಂಚೆ ಆಯಾ ನನಗೆ ತೋರಿಸಿದಳು. ಮೊಣಕೈಯಿಂದ ಬೆರಳ ತುದಿಯ ತನಕದಷ್ಟೂ ಉದ್ದ ಇರಲಿಲ್ಲ. ಕಿವಿ ನಿಮ್ಮದೇ, ಮೇಲೆ ಸ್ವಲ್ಪ ಮಡಚಿದ ಹಾಗೆ. ಇದನ್ನೂ ನಾನೊಬ್ಬಳೇ ಇಟ್ಟುಕೊಂಡುಬಿಟ್ಟೆ. ಅವಳನ್ನು ಮಣ್ಣು ಮಾಡಿದ ಜಾಗ ನಿಮ್ಮ ದೊಡ್ಡಮಲ್ಲಪ್ಪ ಕಾಕನಿಗೆ ಮಾತ್ರ ಗೊತ್ತು. ನಾನು ಬಂದ ಮೇಲೆ ಅವರನ್ನು ಕೇಳಿಕೊಂಡು ಇಬ್ಬರೂ ಹೋಗೋಣ. ಗಾಡಿ ನೀವೇ ಓಡಿಸಬೇಕು.