ಎರಡು ಕಾರ್ಬನ್ ಹ್ಯಾಂಡಲ್ಲುಗಳ ವಿಷಯವಾಗಿ ಚಂದ್ರಾಮ ಮುತ್ಯಾನಿಗೆ

ಹದಿನಾರನೇ ತಿಂಗಳು, ತಾರೀಖು ಎಪ್ಪತ್ತೊಂದು, ಇಸವಿ 2419

ವಿಜಯಪುರದ ಸೈಕಲ್ ಪಟುಗಳ ಹಾಸ್ಟೆಲಿನ ಚಂದ್ರಾಮ ಮುತ್ಯಾನ ಪಾದಗಳಿಗೆ ನೀಲಗಂಗಿಯ ಶರಣು.

ತಾರೀಖು ನೋಡಿ ಕಣ್ಣುಜ್ಜಿಕೊಳ್ಳಬೇಡ. ನೀವು ತಿಂಗಳಿಗೆ ಮೂವತ್ತೇ ದಿನ ಕೊಟ್ಟು ಕೈ ಬಿಗಿಹಿಡಿದ ಜನ, ನಾವು ಧಾರಾಳಿಗಳು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಹಾಗೆಯೇ, ಇಪ್ಪತ್ತೆರಡು ವರ್ಷದ ನಿನ್ನನ್ನು ಮುತ್ಯಾ, ಅಂದರೆ ಅಜ್ಜ, ಎಂದೆನೆಂದು ಹಿಗ್ಗಲೂ ಬೇಡ. ನಮ್ಮಲ್ಲಿ ಸತ್ತವರೆಲ್ಲ ಮುತ್ಯಾಗಳೇ. ನಿನಗೆ ಮಕ್ಕಳಾಗುತ್ತವೆ ಎಂಬ ಭರವಸೆ ಈ ಪತ್ರದಲ್ಲಿ ಎಲ್ಲಿಯೂ ಇಲ್ಲ.

ನಮ್ಮ ಕಾಲದಲ್ಲಿ ಇಳಿಜಾರುಗಳಿಲ್ಲ. ಊರಿಗೆ ಊರನ್ನೇ ಚಪಾತಿಯಂತೆ ಲಟ್ಟಿಸಿ ಸಪಾಟು ಮಾಡಿದ್ದಾರೆ. ಸೈಕಲ್ಲುಗಳು ತಾವಾಗಿಯೇ ನೆಟ್ಟಗೆ ನಿಲ್ಲುತ್ತವೆ, ಯಾರೂ ಬೀಳುವುದಿಲ್ಲ. ಹೀಗಾಗಿ, ಯಾರಾದರೂ ಬೀಳುವುದನ್ನು ನೋಡುವ ಆಸೆಯಾದರೆ ನಿಮ್ಮನ್ನೇ ನೋಡಬೇಕು. ಅದಕ್ಕೆಂದೇ ಪ್ರತಿ ಅಡುಗೆಮನೆಯಲ್ಲೂ ಒಂದು ಹಿನ್ನೋಟಗಾಜು ತೂಗುಹಾಕಿರುತ್ತದೆ. ಹಳೆಯ ಕಾಲವನ್ನು ತೋರಿಸುವ ಕನ್ನಡಿ ಅದು. ಊಟವಾದ ಮೇಲೆ ಮನೆಮಂದಿಯೆಲ್ಲ ಶೇಂಗಾ ಸುಲಿಯುತ್ತ ನಿಮ್ಮ ಮರ್ಯಾದೆ ಹೋಗುವುದನ್ನು ನೋಡುತ್ತೇವೆ. ಈ ವಾರ ನಿನ್ನ ಸರದಿ.

ನೀನು ಮೊಬೈಲಿನಲ್ಲಿ ಆ ಪರದೇಶದ ಅಂಗಡಿಯನ್ನು ತೆರೆದದ್ದನ್ನು ನೋಡಿದೆವು. ನೂರಕ್ಕೆ ಎಂಬತ್ತು ಬಿಟ್ಟು ಮಾರುವ ಅಂಗಡಿ! ಇದಕ್ಕೆ ನಾವು ನಂಬುಬೆಲೆ ಎನ್ನುತ್ತೇವೆ: ಸಾಮಾನಿಗೆ ಕೊಡುವುದು ಕಾಸಷ್ಟೇ, ಉಳಿದದ್ದನ್ನು ಕಣ್ಣುಮುಚ್ಚಿ ನಂಬಿ ತೀರಿಸುವ ಬೆಲೆ. ನಾಳಿನ ರೇಸಿನಲ್ಲಿ ಗೆದ್ದವನಿಗೆ ಕ್ರೀಡಾ ಕೋಟಾದ ನೌಕರಿ. ಹಗುರವಾದ ಕಾರ್ಬನ್ ಹ್ಯಾಂಡಲ್ ಬೇಕೆಂದು ನಿನ್ನ ಪಕ್ಕದ ಕೋಣೆಯ ಸಿದರಾಯ, ಅವ್ವನ ಎರಡು ಆಡು ಮಾರಿ, ದುಡ್ಡನ್ನು ನಿನ್ನ ಕೈಗೇ ಕೊಟ್ಟ. "ನಿನಗೊಂದು, ನನಗೊಂದು ತರಸೋ. ಒಂದ ಪಾರ್ಸಲ್ಲಿನ್ಯಾಗ ಬಂದ್ರ ಖರ್ಚು ಕಡಿಮಿ," ಎಂದ.

ಇವತ್ತು ಪಾರ್ಸಲ್ ಬಂತು. ನೀನು ಬಾಗಿಲು ಹಾಕಿಕೊಂಡು ಎರಡೂ ಹ್ಯಾಂಡಲ್ಲುಗಳ ಮೇಲೆ ರೂಪಾಯಿ ನಾಣ್ಯ ಬಡಿದು ಕಿವಿಯಿಟ್ಟೆ. ಒಂದು ಟಿಣ್ ಎಂದಿತು. ಇನ್ನೊಂದು ಒದ್ದೆ ಹಲಗೆಯಂತೆ ಡಬ್ ಎಂದಿತು. ಒಳಗೆ ಬಿರುಕಿದೆ ಎಂದುಕೊಂಡೆ. ಮಾರಿದವನಿಗೆ ದೂರು ಕೊಟ್ಟೆ. "ಪ್ರಿಯ ಮಿತ್ರ, ಸಾಮಾನು ಇಟ್ಟುಕೊಳ್ಳಿ, ಅರ್ಧ ಹಣ ವಾಪಸ್," ಎಂದ. ಹಣ ನಿನ್ನ ಖಾತೆಗೆ ಬಂತು. ಆಮೇಲೆ ನೀನು ಟಿಣ್ ಎಂದದ್ದನ್ನು ನಿನಗೆಂದು ಎತ್ತಿಟ್ಟು, ಡಬ್ ಎಂದದ್ದನ್ನು ಕೈಯಲ್ಲಿ ಹಿಡಿದು ಕಿಟಕಿಯಿಂದ ಬಗ್ಗಿ, ಅಂಗಳದಲ್ಲಿ ಹಳೆಯ ಹ್ಯಾಂಡಲ್ ಬಿಚ್ಚುತ್ತಿದ್ದವನಿಗೆ ಕೂಗಿ ಹೇಳಿದೆ: "ಲೇ ಸಿದ್ರಾಯಾ, ನಿನ್ನ ಸಲುವಾಗಿ ಛಲೋದ್ನ ತಗದು ಇಟ್ಟೀನಿ!"

"ನೀ ಇದ್ದೀ ಅಂತ ನನಗೇನ್ ಚಿಂತಿಲ್ಲ ಬಿಡೋ," ಎಂದನಲ್ಲ, ಪಾಪ! ನಮ್ಮ ಮುದುಕಿ ಆಯಿ ಶೇಂಗಾ ಸಿಪ್ಪೆಯನ್ನು ಗಾಜಿಗೆ ಎಸೆದು, "ಏ ಭಾಡ್ಯಾ, ರೂಪಾಯಿ ಬಾರಿಸಿ ದೋಸ್ತನ ಹಲ್ಲ ಮಾರಿದೆಲ್ಲೋ!" ಎಂದಳು. ನನಗೆ ಮಾತ್ರ ನಿನ್ನ ಮೇಲೆ ಪ್ರೀತಿ ಉಕ್ಕಿತು. ಆದ್ದರಿಂದಲೇ ಈ ಉಪಕಾರ.

ಮುತ್ಯಾ, ನಾಳೆ ಇಳಿಜಾರಿನ ತಿರುವಿನಲ್ಲಿ ಮುರಿಯುವುದು ಟಿಣ್ ಎಂದದ್ದು. ಡಬ್ ಎಂದದ್ದರಲ್ಲಿ ಅಂಟು ಹೆಚ್ಚಾಗಿದೆ ಅಷ್ಟೆ, ಕಲ್ಲಿನಷ್ಟು ಗಟ್ಟಿ. ಮುರಿದ ತುದಿ ಸವಾರನ ದವಡೆಯಲ್ಲಿ ಎಲ್ಲಿ ಹೊಕ್ಕು ಎಲ್ಲಿ ಹೊರಬರುತ್ತದೆಂದು ವಿವರಿಸಿ ನಿನ್ನ ಊಟ ಕೆಡಿಸುವುದಿಲ್ಲ.

ಈಗ ಅದಲುಬದಲು ಮಾಡಲು ಹೊರಟೆಯಾ? ಸ್ವಲ್ಪ ತಡಿ. ನಾನು ಸುಳ್ಳು ಹೇಳುತ್ತಿರಲೂಬಹುದು. ನಮ್ಮ ಶಾಲೆಯಲ್ಲಿ ಪೂರ್ವಜರಿಗೆ ಚೆನ್ನಾಗಿ ಸುಳ್ಳು ಹೇಳಿದವರಿಗೆ ಬಹುಮಾನವಿದೆ, ಹೋದ ವರ್ಷದ್ದು ನನಗೇ ಬಂತು. ಎರಡನ್ನೂ ಕಲ್ಲಿಗೆ ಬಡಿದು ಒಡೆದು, ಹಳೆಯ ಹ್ಯಾಂಡಲ್ಲಿನಲ್ಲೇ ಇಬ್ಬರೂ ಓಡಿಸಬಹುದು. ನೌಕರಿ ಹೋದೀತು, ಹಲ್ಲು ಉಳಿದಾವು. ಆದರೆ ಅಂಥ ಮನುಷ್ಯ ನೀನಲ್ಲ. ಈ ವಾರ ನಿನ್ನನ್ನು ತೊಟ್ಟಿಲಿನಿಂದಲೇ ನೋಡಿದ್ದೇವೆ.

ಇನ್ನೊಂದು ಸಣ್ಣ ವಿಷಯ. ಈ ಪತ್ರವನ್ನು, ಒಂದಕ್ಷರವೂ ಬಿಡದೆ, ಸಿದರಾಯನಿಗೂ ಕಳಿಸಿದ್ದೇನೆ. ಓದುವುದರಲ್ಲಿ ಅವನು ನಿನಗಿಂತ ಚುರುಕು, ಆಗಲೇ ಮುಗಿಸಿದ. ಕೈಯಲ್ಲಿ ಬಿಚ್ಚಿದ ಹ್ಯಾಂಡಲ್ ಹಿಡಿದೇ ಮೆಟ್ಟಿಲು ಹತ್ತುತ್ತಿದ್ದಾನೆ. ಬಾಗಿಲು ತೆಗಿ ಮುತ್ಯಾ. ತೆಗೆದ ಮೇಲೆ ದಯವಿಟ್ಟು ಸ್ವಲ್ಪ ಬಲಕ್ಕೆ ಸರಿದು ನಿಂತುಕೋ, ಆಯಿಗೆ ಸರಿಯಾಗಿ ಕಾಣುತ್ತಿಲ್ಲವಂತೆ.