ನಿಮ್ಮ ಗಡ್ಡ ತೆಗೆದ ಕೈ

ನರರೋಗ ಸಂಶೋಧನಾ ಸಂಸ್ಥೆಯ ನಿರ್ದೇಶಕರಿಗೆ,

ಮಾನ್ಯರೇ, ನನ್ನ ಗಂಡನ ತಲೆಯೊಳಗೆ ನೀವು ಇಟ್ಟ ತಂತಿ ಇನ್ನೂ ಅಲ್ಲೇ ಇದೆ. ಅದಕ್ಕೆ ಜೀವ ಕೊಡಬೇಕಾದ ಬ್ಯಾಟರಿ ಅವರ ಎದೆಯ ಚರ್ಮದಡಿ ಸತ್ತು ಕೂತಿದೆ. ಬದಲಾಯಿಸಿಕೊಡಿ ಎಂದು ಕೇಳಲು ಬಂದರೆ ನಿಮ್ಮ ಕಚೇರಿಯ ಮಹನೀಯರು, "ಅಧ್ಯಯನ ಮುಗೀತಲ್ಲಮ್ಮ, ಇನ್ನು ನಮಗೂ ಅದಕ್ಕೂ ಸಂಬಂಧ ಇಲ್ಲ" ಎಂದು ಸಾಗಹಾಕಿದರು. ಅಧ್ಯಯನ ಮುಗಿದಿರಬಹುದು ಸ್ವಾಮಿ, ನನ್ನ ಗಂಡ ಇನ್ನೂ ಮುಗಿದಿಲ್ಲ.

ಮರೆತಿದ್ದರೆ ನೆನಪಿಸುತ್ತೇನೆ. ಅವರು ಕ್ಷೌರಿಕರು. ಪಾರ್ಕಿನ್ಸನ್ ಕಾಯಿಲೆ ಬಂದು ಕೈ ನಡುಗತೊಡಗಿದಾಗ ಮೊದಲು ಕ್ಷೌರದ ಕತ್ತಿ ಬಿಟ್ಟರು, ಆಮೇಲೆ ಕತ್ತರಿ, ಕೊನೆಗೆ ಅಂಗಡಿ ಗುಡಿಸುವ ಪೊರಕೆಯನ್ನೂ. ಆಗ ಬಂದಿರಿ ನೀವು. ಮೆದುಳಿನ ಸಂಕೇತವನ್ನು ತಾನೇ ಓದಿಕೊಂಡು, ಬೇಕಾದಷ್ಟೇ ವಿದ್ಯುತ್ ಹರಿಸುವ ಹೊಸ ಸಾಧನ ಎಂದಿರಿ. ಕೈಯ ನಡುಕ ನಿಂತಿತು, ಒಪ್ಪುತ್ತೇನೆ. ನಿಮ್ಮ ಸಂಶೋಧನೆ ಬರೀ ಬೊಗಳೆಯಾಗಿದ್ದರೆ ಹಣೆಬರಹ ಎಂದು ಸುಮ್ಮನಿರುತ್ತಿದ್ದೆ. ಅದು ನಿಜವಾಗಿಯೂ ಕೆಲಸ ಮಾಡಿತು ಎಂಬುದೇ ನನ್ನ ಹೊಟ್ಟೆಯುರಿ.

ಆ ಸಮ್ಮೇಳನದ ವೇದಿಕೆ ನೆನಪಿದೆಯೇ? ತುಂಬಿದ ಸಭೆಯೆದುರು ನೀವು ಕುರ್ಚಿಯಲ್ಲಿ ಕತ್ತೆತ್ತಿ ಕೂತಿರಿ. ಅವರು ಸೋಪು ಹಚ್ಚಿ, ಕತ್ತಿ ಹಿಡಿದು, ಒಂದು ಗೀರೂ ಬೀಳದಂತೆ ನಿಮ್ಮ ಗಡ್ಡ ತೆಗೆದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ದಡ್ಡಿ. ಆ ವಿಡಿಯೊ ನಿಮಗೆ ಇವತ್ತಿಗೂ ಅನ್ನ ಹಾಕುತ್ತಿದೆ. ಮೊನ್ನೆ ನಮ್ಮ ಅಂಗಡಿಯ ಟಿವಿಯಲ್ಲೇ ಬಂತು. ಈಗ ಅಂಗಡಿ ನಡೆಸುವ ನನ್ನ ಮೈದುನನಿಗೆ ತಲೆ ಕೊಟ್ಟು ಕೂತಿದ್ದ ಗಿರಾಕಿ ಟಿವಿ ನೋಡಿದ, ಮೂಲೆಯ ಬೆಂಚಿನಲ್ಲಿ ತೊಡೆಯಡಿ ಕೈ ಅದುಮಿಕೊಂಡಿದ್ದ ನನ್ನ ಗಂಡನನ್ನು ನೋಡಿದ, ಮತ್ತೆ ಟಿವಿ ನೋಡಿದ. ಟಿವಿ ಆರಿಸೋಣವೆಂದು ಇವರೇ ರಿಮೋಟ್ ಎತ್ತಿಕೊಂಡರು. ಬೆರಳು ಗುಂಡಿಯ ಮೇಲೆ ನಿಲ್ಲಲಿಲ್ಲ. ನಿಮ್ಮ ನುಣ್ಣನೆಯ ಗಲ್ಲವನ್ನು ಕೊನೆಯ ತನಕ ನೋಡಬೇಕಾಯಿತು.

ನನ್ನ ಗಂಡ ಸಾಧು. "ಹೋಗ್ಲಿ ಬಿಡು, ಸ್ವಲ್ಪ ದಿನ ಆದ್ರೂ ನನ್ನ ಕೈ ನಂಗೆ ವಾಪಸ್ ಸಿಕ್ತಲ್ಲ" ಅನ್ನುತ್ತಾರೆ. ನಾನು ಸಾಧುವಲ್ಲ. ಕೊಟ್ಟು ಕಿತ್ತುಕೊಂಡವರನ್ನು ನಾನು ಸುಮ್ಮನೆ ಬಿಡುವವಳೂ ಅಲ್ಲ.

ಮುಂದಿನ ಸಮ್ಮೇಳನಕ್ಕೆ ಮೊದಲು ಹೊಸ ಬ್ಯಾಟರಿ ಹಾಕಿಸಿ. ಇಲ್ಲವಾದರೆ ವಿಡಿಯೊ ತೋರಿಸುವ ಶ್ರಮ ತೆಗೆದುಕೊಳ್ಳಬೇಡಿ, ನಾವೇ ಬರುತ್ತೇವೆ. ಅದೇ ಕತ್ತಿಯನ್ನು ಅದೇ ಕೈಗೆ ನಾನೇ ಕೊಡುತ್ತೇನೆ. ನೀವು ಆವತ್ತಿನ ಹಾಗೇ ಎಲ್ಲರೆದುರು ಕತ್ತೆತ್ತಿ ಕೂತು, ಅಧ್ಯಯನ ಮುಗಿದಿದೆ ಎಂದು ಆಗ ಹೇಳಿ.

ಇಂತಿ,
ಅಂದು ಎದ್ದು ನಿಂತು ಚಪ್ಪಾಳೆ ತಟ್ಟಿದ,
ಕ್ಷೌರಿಕನ ಹೆಂಡತಿ