ಪಾಚಿ ಕಿನ್ನರಿಯ ಅಪ್ಪಣೆ

ಟಾಂಟನ್,
ನವೆಂಬರ್ ೧೪, ಗುರುವಾರ

ಟ್ರೇಸಿಗೆ,

‘ಪ್ರೀತಿಯ’ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ವಿಲೋ ಎಂದೂ ಕರೆಯುವುದಿಲ್ಲ. ಅದು ನೀನೇ ಇಟ್ಟುಕೊಂಡ ಹೆಸರು. ಟ್ರೇಸಿ ಎಂದು ಹೆಸರಿಟ್ಟವಳು ಅಮ್ಮ, ಇದು ಅಮ್ಮನ ವಿಷಯ. ಫೋನು ಮಾಡಿದರೆ ಕಿರುಚಾಡಿಬಿಡುತ್ತೇನೆಂದು ಬರೆಯುತ್ತಿದ್ದೇನೆ.

ಸೋಮವಾರ ಇಲ್ಲಿನ ಆಸ್ಪತ್ರೆಯಲ್ಲಿ ಅವಳ ಎಡಗಾಲನ್ನು ಮಂಡಿಯ ಕೆಳಗೆ ಕತ್ತರಿಸಿದರು. ಜೀವಕ್ಕೆ ಅಪಾಯವಿಲ್ಲ. ಬೇಸಿಗೆಯಲ್ಲೇ ಕರೆತಂದಿದ್ದರೆ ಒಂದು ಬೆರಳಿನಲ್ಲಿ ಮುಗಿಯುತ್ತಿತ್ತಂತೆ. ಇಷ್ಟು ದಿನ ಯಾರು ನೋಡಿಕೊಳ್ಳುತ್ತಿದ್ದರು ಎಂದು ಡಾಕ್ಟರು ಕೇಳಿದರು. ನನ್ನ ತಂಗಿ ಎಂದೆ. ಹೇಳುವಾಗ ನೆಲ ನೋಡುತ್ತಿದ್ದೆ.

ಶನಿವಾರ ಬ್ರಿಸ್ಟಲ್‌ನಿಂದ ಬಂದಾಗ ಗ್ಲಾಸ್ಟನ್‌ಬರಿಯ ಮನೆಯ ಬಾಗಿಲಲ್ಲೇ ವಾಸನೆ ಮುಖಕ್ಕೆ ಬಡಿಯಿತು. ಮೇಲೆ ನಿನ್ನ ಊದುಕಡ್ಡಿ, ಲ್ಯಾವೆಂಡರ್ ಎಣ್ಣೆ. ಅದರಡಿ ಸತ್ತ ಇಲಿಯಂಥ ನಾತ. ಅಮ್ಮ ಕಿಟಕಿಯ ಬಳಿ ಕಾಲು ಚಾಚಿ, ಟೀಗೆ ಬಿಸ್ಕತ್ತು ಅದ್ದುತ್ತಾ ಕೂತಿದ್ದಳು. ಕಾಲಿಗೇನಾಯಿತು ಎಂದರೆ, ಟ್ರೇಸಿ ಔಷಧಿ ಮಾಡುತ್ತಿದ್ದಾಳೆ ಎಂದಳು. ನಾನು ಪಟ್ಟಿ ಬಿಚ್ಚಿದೆ. ಜೇನು, ಹಿತ್ತಲಿನ ಪಾಚಿ, ಅರೆದ ಸೊಪ್ಪು. ಪಾಚಿ ತೆಗೆದರೆ ಚರ್ಮವೂ ಅದರೊಂದಿಗೆ ಎದ್ದು ಬಂತು. ಬೆರಳುಗಳು ಇದ್ದಿಲಾಗಿದ್ದವು. ಅಮ್ಮನಿಗೆ ನೋವೇ ಗೊತ್ತಾಗಲಿಲ್ಲ, ಬಿಸ್ಕತ್ತು ತಿನ್ನುತ್ತಲೇ ಇದ್ದಳು. ನಾನು ಓಡಿಹೋಗಿ ಸಿಂಕಿನಲ್ಲಿ ವಾಂತಿ ಮಾಡಿಕೊಂಡೆ.

ಅಷ್ಟರಲ್ಲಿ ನೀನು ಕಿನ್ನರಿ ವೇಷದಲ್ಲಿ ಕೆಲಸ ಮಾಡುವ ಅಂಗಡಿಯಿಂದ ಬಂದೆ, ಬೆನ್ನಿಗೆ ಕಟ್ಟಿದ ಬಲೆಬಟ್ಟೆಯ ರೆಕ್ಕೆಗಳನ್ನೂ ಬಿಚ್ಚದೆ. ಸಕ್ಕರೆ ಕಾಯಿಲೆಯವಳನ್ನು ಆಸ್ಪತ್ರೆಗೆ ಯಾಕೆ ಕರೆದೊಯ್ಯಲಿಲ್ಲ ಎಂದು ಕೇಳಿದೆ. ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ.

“ದಿನಾ ಕಾರ್ಡು ಎತ್ತಿ ಕೇಳ್ತಿದ್ದೆ ಜಿಲ್. ದಿನಾ ಪಾಚಿ ಕಿನ್ನರೀನೇ ಬರ್ತಿದ್ಲು. ಕಾದಿರು, ಮಣ್ಣೇ ವಾಸಿಮಾಡುತ್ತೆ ಅಂತ. ನಾನೇನ್ ಮಾಡ್ಲಿ?”

“ಡಾಕ್ಟರನ್ನ ಕೇಳಿದ್ಯಾ?”

“ಅವ್ರಿಗೆ ಕಾಲೊಂದೇ ಕಾಣೋದು. ಇವ್ರಿಗೆ ಅಮ್ಮ ಪೂರ್ತಿ ಕಾಣ್ತಾಳೆ.”

ನಾನು ಆಂಬುಲೆನ್ಸಿಗೆ ಫೋನು ಮಾಡುತ್ತಿದ್ದರೆ ನೀನು ನೆಲದ ಮೇಲೆ ಮೇಣದಬತ್ತಿ ಹಚ್ಚಿ, ತಡಿ, ಇನ್ನೊಂದು ಸಲ ಕೇಳಿ ನೋಡುತ್ತೇನೆ ಎಂದು ಕೂತೆ. ನಾನು ನಿನ್ನ ಆ ಕಿನ್ನರಿ ಚಿತ್ರದ ಶಕುನದ ಕಾರ್ಡುಗಳ ಕಟ್ಟನ್ನು ಕಸಿದು ಕಸದ ಡಬ್ಬಿಗೆ, ಆ ಪಟ್ಟಿಯ ಮೇಲೆಯೇ ಎಸೆದೆ. ನೀನು ಕೈ ಹಾಕಿ ಒಂದೊಂದನ್ನೇ ಹೆಕ್ಕಿದೆ. ಅಮ್ಮನ ಕೀವು ಅಂಟಿದ ಕಿನ್ನರಿಯರನ್ನು ನಿನ್ನ ಲಂಗಕ್ಕೆ ಒರೆಸಿ, ತುಟಿಗೊತ್ತಿಕೊಂಡು ಕ್ಷಮೆ ಕೇಳಿದೆ. ಆ ಕಿನ್ನರಿಯರ ಕ್ಷಮೆ! ಸ್ಟ್ರೆಚರು ಬಂದಾಗಲೂ ನೀನು ಎದ್ದು ಬರಲಿಲ್ಲ.

ಕೊಳೆತ ಕಾಲು ತೊಳೆದ ಕೈಯನ್ನು ಸೋಪು ಹಾಕಿ ಉಜ್ಜಿದರೆ ವಾಸನೆ ಹೋಗುತ್ತದೆ. ಆ ತುಟಿ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ನಿನ್ನ ತಟ್ಟೆಯಲ್ಲಿ ಉಂಡವಳು, ನಿನ್ನ ಹಾಸಿಗೆಯಲ್ಲಿ ಮಲಗಿದವಳು ನಾನು. ಈಗ ನಿನ್ನ ಹೆಸರು ಬಂದರೆ ಎದ್ದು ಹೋಗಿ ಮತ್ತೆ ಕೈ ತೊಳೆಯುತ್ತೇನೆ. ಅಮ್ಮನನ್ನು ಬ್ರಿಸ್ಟಲ್‌ಗೆ ಕರೆದೊಯ್ಯುತ್ತೇನೆ. ನೀನು ಅಲ್ಲಿಗೆ ಬರುವುದು ಬೇಡ.

ಅಕ್ಕನಾಗಿ ಹುಟ್ಟಿದ್ದಕ್ಕೆ ಬೇರೆ ದಾರಿಯಿಲ್ಲದ,
ಜಿಲಿಯನ್

ಮರೆತ ಮಾತು: ಮರೆತದ್ದಲ್ಲ, ಈಗ ತಿಳಿದದ್ದು. ಲಕೋಟೆ ಅಂಟಿಸುವ ಮುಂಚೆ ಇದನ್ನು ಅಮ್ಮನಿಗೆ ಓದಿ ಹೇಳಿದೆ. ಟ್ರೇಸಿಯನ್ನು ಬಯ್ಯಬೇಡ ಎಂದಳು. ಕಾರ್ಡು ಕಲೆಸುತ್ತಿದ್ದವಳು ಅಮ್ಮನೇ ಅಂತೆ. ಪ್ರತಿದಿನ ಆ ಪಾಚಿಯವಳನ್ನು ಮೇಲಕ್ಕೆ ಇಟ್ಟು ನಿನ್ನ ಕೈಗೆ ಕೊಡುತ್ತಿದ್ದಳಂತೆ. ಯಾಕಮ್ಮಾ ಎಂದೆ.

“ಬೆಳಗಾದ್ರೆ ನನ್ನ ಕಾಲು ತೊಡೆ ಮೇಲಿಟ್ಕೊಂಡು ಕೂರ್ತಿದ್ಲು ಕಣೇ. ನಿಮ್ಮಪ್ಪ ಹೋದ್ಮೇಲೆ ನನ್ನ ಯಾರು ಮುಟ್ಟಿದ್ರು? ವಾಸಿಯಾಗಿದ್ರೆ ಅವಳು ಎದ್ದು ಹೋಗ್ತಿದ್ಲು.”

ಕೇಳಿ ಅಮ್ಮನ ಮೇಲೂ ಹೇಸಿಗೆಯಾಯಿತು. ಕಾಗದ ಹರಿಯಲಿಲ್ಲ, ಬರೆದದ್ದರಲ್ಲಿ ಸುಳ್ಳಿಲ್ಲ. ಆದರೆ ಬರುವುದು ಬೇಡ ಎಂದ ಸಾಲು ಬಿಡು, ಇದು ಸಿಕ್ಕ ಕೂಡಲೇ ಬಾ. ಅಮ್ಮನ ಬಲಗಾಲಿನ ಉಗುರು ಕತ್ತರಿಸಬೇಕಿದೆ, ನನಗೆ ಮುಟ್ಟಗೊಡುತ್ತಿಲ್ಲ.